ಎದುರಾಳಿಗೂ ಕುರ್ಚಿ ಹಾಕುತ್ತಿದ್ದ ಮಾಸ್ಟ್ರು

ಅವರ ಕನ್ನಡಕದ ಬಲಗಡೆಯ ಕಡ್ಡಿಯ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ಮಕ್ಕಳು ಗಟ್ಟಿ ಪ್ರಶ್ನೆ ಕೇಳಿದರೆ ಕನ್ನಡಕ ತೆಗೆದು ಕಡ್ಡಿ ಕಚ್ಚುತ್ತಿದ್ದರು. ಅಬುಧಾಬಿಯ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದ ಮಾಸ್ಟ್ರು. ಮಗಳನ್ನು ಬಿಟ್ಟು ಬನಿಯಾಸ್‌ನ ಮನೆಗೆ ಹೋಗಿ ಬರಲು ಹೊತ್ತು ಸಾಲದೆ ನಾನೂ ಹಿಂದೆ ಕೂರುತ್ತಿದ್ದೆ. ದೇವರ ದಯೆ, ಅದರಿಂದ ಎಲ್ಲವನ್ನೂ ಕಣ್ಣಾರೆ ಕಂಡೆ.

ಆ ವರ್ಷ ಮಗಳು, ಬಿಷಪರು ಹಣೆಗೆ ತೈಲ ಹಚ್ಚಿ ವಿಶ್ವಾಸವನ್ನು ಗಟ್ಟಿಮಾಡುವ ದೃಢೀಕರಣ ಸಂಸ್ಕಾರ ಬೇಡವೆಂದು ಹಟ ಹಿಡಿದಿದ್ದಳು. "ಇಷ್ಟು ಡೌಟ್ ಇಟ್ಕೊಂಡು ಆಮೆನ್ ಹೇಳುದು ಹೇಗೆ ಮಮ್ಮಾ? ದಟ್ಸ್ ಲೈಯಿಂಗ್." ನನ್ನ ಜಪಸರಕ್ಕೆ ಬಿಡುವೇ ಇರಲಿಲ್ಲ.

ಕ್ರೈಸ್ತ ಸಭೆಯ ಮೊದಲ ಶತಮಾನಗಳ ಪಂಡಿತರು ವಾದಿಸಿದ ಹಾಗೆಯೇ ಮಕ್ಕಳೂ ವಾದಿಸಬೇಕೆಂಬುದು ಮಾಸ್ಟ್ರ ಕ್ರಮ. ಅಂದಿನ ವಾದದಲ್ಲಿ ಸೋತವರ ಪರ ಮಾತಾಡಲೂ ಮಾಸ್ಟ್ರ ತರಗತಿಯಲ್ಲಿ ಒಂದು ಕುರ್ಚಿ. ಆ ಸೋತವರೇ ತಲೆದೂಗುವಂತೆ ಅವರ ವಾದವನ್ನು ಹೇಳಿದ ಮೇಲಷ್ಟೇ ಅದರ ಖಂಡನೆ.

ಒಂದು ವಾರ, ಯೇಸು ತಂದೆಯಾದ ದೇವರಷ್ಟೇ ಅನಾದಿಯಲ್ಲ ಎಂದು ವಾದಿಸಿ ಸೋತವರ ಕುರ್ಚಿ ತೋರಿಸಿ ಮಾಸ್ಟ್ರು ಕೇಳಿದರು, "ಯಾರು ಕೂತ್ಕೊಳ್ತೀರಿ? ಕುರ್ಚಿ ಕಚ್ಚುದಿಲ್ಲ ಮಾರಾಯ್ರೇ!"

"ನೀವು ಕಚ್ಚದಿದ್ರೆ ಸಾಕು ಸರ್," ಎನ್ನುತ್ತ ನನ್ನ ಮಗಳೇ ಹೋಗಿ ಕೂತಳು. "ಅಪ್ಪ ಮೊದಲು, ಮಗ ಆಮೇಲೆ. ಹಾಗಾದ್ರೆ ಯೇಸು ಇಲ್ಲದ ಕಾಲ ಒಂದಿತ್ತು."

"ಮಗನೇ ಇಲ್ಲದಿದ್ರೆ ಅವನು ಅಪ್ಪ ಆಗುದು ಹೇಗೆ?" ಎಂದರು ಮಾಸ್ಟ್ರು. ಮಕ್ಕಳು ನಕ್ಕರು. ಮಗಳು ನಗಲಿಲ್ಲ.

"ಸೃಷ್ಟಿಯೇ ಇಲ್ಲದಿದ್ರೆ ಸೃಷ್ಟಿಕರ್ತ ಆಗುದು ಹೇಗೆ ಸರ್? ಹಾಗಾದ್ರೆ ಈ ಪ್ರಪಂಚವೂ ದೇವರಷ್ಟೇ ಹಳೇದಾ?"

ಕನ್ನಡಕ ಬಾಯಿಗೆ ಹೋಯಿತು. ಮಗಳು ಎದುರಾಡಿದಳೆಂಬ ನಾಚಿಕೆಯಿಂದ ನಾನು ನೆಲ ನೋಡಿದೆ. ಆಗ ಮಾಸ್ಟ್ರು ಎದ್ದು ನಿಂತು, "ಖಲಾಸ್. ಇವತ್ತು ನಾನು ಸೋತೆ. ಬರುವ ವಾರ ಉತ್ತರ ತರ್ತೇನೆ" ಎಂದರು.

ಬಸ್ಸಿನಲ್ಲಿ ಮಗಳ ಮುಖವೇ ಬೇರೆ. "ಸರ್ ಸುಳ್ಳು ಉತ್ತರ ಕೊಡಲಿಲ್ಲ ಮಮ್ಮಾ."

ಹೇಳಿದಂತೆ ಮುಂದಿನ ವಾರ ಮಾಸ್ಟ್ರು ಉತ್ತರ ತಂದರು. "ನಿನ್ನ ಮಮ್ಮ ಹಬ್ಬಕ್ಕೆ ಅಕ್ಕಿ ರುಬ್ಬಿ ಸಾನ್ನಣ ಮಾಡುದು ಅವರ ಇಷ್ಟ. ಬೇಡ ಅನಿಸಿದ್ರೆ ಮಾಡುದಿಲ್ಲ. ಸೃಷ್ಟಿ ಹಾಗೆ. ಬೆಂಕಿಯಿಂದ ಬೆಳಕು ಬರುದು ಇಷ್ಟದಿಂದ ಅಲ್ಲ, ಬೆಂಕಿಯ ಸ್ವಭಾವ. ಮಗ ಹಾಗೆ. ಬೆಳಕಿಲ್ಲದ ಬೆಂಕಿ ಯಾವಾಗ ಇತ್ತು, ಹೇಳು?"

ಮಗಳು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. "ಇನ್ನೊಂದು ಪ್ರಶ್ನೆ ಉಂಟು."

"ಇರ್ಲಿ ಮಗಾ. ಪ್ರಶ್ನೆ ಇಟ್ಕೊಂಡೇ ಆಮೆನ್ ಹೇಳ್ಬಹುದು. ನಾನೂ ಹಾಗೇ ಹೇಳುದು."

ಆ ವರ್ಷವೇ ಅವಳು ಬಿಷಪರ ಮುಂದೆ ನಿಂತಳು. ಅವಳ ಧರ್ಮತಂದೆಯಾಗಿ ಭುಜದ ಮೇಲೆ ಕೈಯಿಟ್ಟು ಹಿಂದೆ ನಿಂತವರು ಮಾಸ್ಟ್ರು. ಹಣೆಗೆ ತೈಲ ಹಚ್ಚಿದಾಗ ಅವಳ "ಆಮೆನ್" ಇಡೀ ಇಗರ್ಜಿಗೆ ಕೇಳಿಸಿತು.

ಕಳೆದ ವರ್ಷ ಮಾಸ್ಟ್ರು ಮಂಗಳೂರಿನಲ್ಲಿ ತೀರಿಕೊಂಡರು. ಇಲ್ಲಿ ನಮ್ಮ ಇಗರ್ಜಿಯಲ್ಲಿ ಅವರ ಆತ್ಮಶಾಂತಿಗಾಗಿ ಬಲಿಪೂಜೆಯ ಪ್ರಾರ್ಥನೆ ಇಡಿಸಿದೆವು. ಅಂದಿನ ಬೈಬಲ್ ವಾಚನ ಓದಿದ್ದು ನನ್ನ ಮಗಳು. ಓದು ಎಂದು ನಾನು ಹೇಳಿರಲಿಲ್ಲ. ಪಾದ್ರಿಯವರ ಬಳಿ ಹೋಗಿ ಅವಳೇ ಕೇಳಿಕೊಂಡಿದ್ದಳು.