ಕುದಿನೀರಿಗೆ ಇಳಿಸುವ ಮೊದಲು

ಎಂಬತ್ತರ ದಶಕದಲ್ಲಿ ಕೆಲವು ವರ್ಷ ನಾನೂ ಅಪ್ಪನೂ ಕೋಯಮತ್ತೂರಿನ ಕಡೆಯ ಸೂಲೂರಿನ ಹತ್ತಿರ ಒಂದು ತಗಡಿನ ಶೆಡ್ಡಿನಲ್ಲಿ ಅಲ್ಯೂಮಿನಿಯಂಗೆ ಬಣ್ಣ ಹಾಕುತ್ತಿದ್ದೆವು. ಬಣ್ಣ ಎಂದರೆ ಜನ ಬ್ರಶ್ಶು, ಪೇಂಟು ಎಂದುಕೊಳ್ಳುತ್ತಾರೆ. ಅದಲ್ಲ. ಆಸಿಡ್ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟು ಹಾಯಿಸಿದರೆ ಅಲ್ಯೂಮಿನಿಯಂ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಾಗುತ್ತವೆ. ಬಣ್ಣದ ತೊಟ್ಟಿಗೆ ಇಳಿಸಿದಾಗ ಅವು ನೂಲಿನ ಹಾಗೆ ಬಣ್ಣ ಕುಡಿಯುತ್ತವೆ. ಕೊನೆಗೆ ಕುದಿನೀರಿಗೆ ಹಾಕಿದರೆ ತೂತು ಮುಚ್ಚಿ ಬಣ್ಣ ಒಳಗೇ ಉಳಿದುಬಿಡುತ್ತದೆ. ಕುದಿನೀರಿಗೆ ಇಳಿಸುವ ಮೊದಲು ತಪ್ಪು ಕಂಡರೆ ಬಣ್ಣ ತೆಗೆದು ಮತ್ತೆ ಹಾಕಬಹುದು. ಆಮೇಲೆ ಆಗುವುದಿಲ್ಲ.

ನಮ್ಮದು ಆ ಕಡೆ ನೆಲೆಸಿದ ಕನ್ನಡದ ನೇಯುವವರ ಮನೆತನ. ಅಪ್ಪ ಬೀದಿಯವರಿಗೆಲ್ಲ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದರು. ಮಗ್ಗಗಳು ಒಂದೊಂದಾಗಿ ನಿಂತಮೇಲೆ, ಬಣ್ಣ ಬಲ್ಲ ಕಣ್ಣು ಎಂದು ಶೆಡ್ಡಿನ ಯಜಮಾನ, ಅಂದರೆ ಮೊದಲಾಳಿ, ಅವರಿಗೆ ಬಣ್ಣದ ತೊಟ್ಟಿ ಒಪ್ಪಿಸಿದ. ನಾನು ಹೆಂಗಸರ ಸಾಲಿನಲ್ಲಿ ಕೂತು, ತೊಟ್ಟಿಗೆ ಇಳಿಸುವ ಸಾಮಾನನ್ನು ಚೌಕಟ್ಟಿಗೆ ತಂತಿಯಿಂದ ಕಟ್ಟುತ್ತಿದ್ದೆ. ಆಗ ನನಗೆ ಇಪ್ಪತ್ತೆರಡು, ಬಾಯಿ ಸ್ವಲ್ಪ ಜಾಸ್ತಿ. ಬೇಕಾದ ದಿನವೇ ಅದು ಕೈಕೊಟ್ಟಿತು.

ಅಪ್ಪನ ಕಣ್ಣಿಗೆ ಪೊರೆ ಬಂದದ್ದು ನನಗೊಬ್ಬಳಿಗೇ ಗೊತ್ತಿತ್ತು. ಅವರ ಅಣ್ಣ ಆಪರೇಷನ್ ಮಾಡಿಸಿಕೊಂಡು ಇದ್ದಷ್ಟು ದೃಷ್ಟಿಯನ್ನೂ ಕಳೆದುಕೊಂಡಿದ್ದರಿಂದ ಅಪ್ಪನಿಗೆ ಆಸ್ಪತ್ರೆಯ ಹೆಸರೆತ್ತಿದರೇ ಭಯ. ಚೌಕಟ್ಟು ಮೇಲೆತ್ತಿದಾಗ ಅವರು ನನ್ನ ಕಡೆ ತಿರುಗಿ, ಕೆಲಸ ಕಲಿಸುವವರ ಹಾಗೆ, ಸಾಕಾ ಎಂದು ಕೇಳುತ್ತಿದ್ದರು. ಸರಿಯಿದ್ದರೆ ನಾನು ಸುಮ್ಮನಿರುತ್ತಿದ್ದೆ. ಸರಿಯಿಲ್ಲದಿದ್ದರೆ ಏನೋ ನೆಪ ಮಾಡಿಕೊಂಡು ಹೋಗಿ ಕಿವಿಯಲ್ಲಿ ಹೇಳುತ್ತಿದ್ದೆ. ವಿಷಯ ಹೊರಬಿದ್ದರೆ ತೊಟ್ಟಿಯ ಕೆಲಸ ಹೋಗುತ್ತಿತ್ತು. ತೊಟ್ಟಿ ಹೋದರೆ ಅಪ್ಪನಿಗೆ ನಾಲ್ಕು ಜನರೆದುರು ತಲೆಯೆತ್ತಲು ಇನ್ನೇನೂ ಉಳಿಯುತ್ತಿರಲಿಲ್ಲ.

ಆ ದಿನ ಒಂದು ಮಿಲ್ಲಿನ ನೂಲು ಸುತ್ತುವ ಬಾಬಿನ್‌ಗಳ ಮುಚ್ಚಳಗಳಿದ್ದವು. ಒಂದು ಬಗೆಯ ನೂಲಿಗೆ ನೀಲಿ ಮುಚ್ಚಳ, ಇನ್ನೊಂದಕ್ಕೆ ಹಸಿರು. ನಮಗೆ ಬಂದದ್ದು ನೀಲಿಯ ಕೆಲಸ. ಹಿಂದಿನ ದಿನ ಶೆಡ್ಡಿನ ಮೋಟುಗೋಡೆಗೆ ಸುಣ್ಣ ಹೊಡೆದವರು ಬಣ್ಣದ ಡಬ್ಬಿಗಳನ್ನು ಅದಲುಬದಲು ಇಟ್ಟುಬಿಟ್ಟಿದ್ದರು. ಅಪ್ಪ ಜಾಗ ನೋಡಿ ಡಬ್ಬಿ ತೆಗೆಯುವವರು. ನಾನು ತಂತಿಗೆ ಕೈ ಹಾಕುವಷ್ಟರಲ್ಲಿ ಬಣ್ಣ ಕಲಸಿಯಾಗಿತ್ತು.

ಚೌಕಟ್ಟು ಮೇಲೆ ಬಂತು. ಎಲ್ಲವೂ ಹಸಿರು. ಅಪ್ಪ ಎಂದಿನಂತೆ ನನ್ನತ್ತ ತಿರುಗಿದರು. ಮೊದಲಾಳಿಯೂ ಮುಚ್ಚಳ ಒಯ್ಯಲು ಬಂದಿದ್ದ ಮಿಲ್ಲಿನವನೂ ಒಳಗಡೆಗೆ ಬೆನ್ನು ಹಾಕಿ ಬಾಗಿಲಲ್ಲಿ ಟೀ ಕುಡಿಯುತ್ತಿದ್ದರು. ಹೊಗೆ ಎಳೆಯುವ ಫ್ಯಾನಿನ ಗದ್ದಲದಲ್ಲಿ ಕೂಗಿದರೆ ಮಾತ್ರ ಕೇಳುತ್ತಿತ್ತು, ಕೂಗಿದರೆ ಎಲ್ಲರಿಗೂ ಕೇಳುತ್ತಿತ್ತು. ನಡೆದು ಹೋಗಲು ಹತ್ತೇ ಹೆಜ್ಜೆ. ಎದ್ದು ನಾಲ್ಕು ಹೆಜ್ಜೆ ಇಟ್ಟೆ. ತಂತಿ ಕಟ್ಟುವವರೆಲ್ಲ ತಲೆಯೆತ್ತಿದರು, ಬಾಗಿಲಲ್ಲಿದ್ದ ಮಿಲ್ಲಿನವನೂ ತಿರುಗಿದಂತಾಯಿತು. ನನಗೆ ದಿಕ್ಕೇ ತೋಚಲಿಲ್ಲ. ಬಗ್ಗಿ, ನೆಲದ ಮೇಲಿದ್ದ ಒಂದು ತಂತಿ ತುಂಡನ್ನು ಹೆಕ್ಕಿದೆ. ತಲೆಯೆತ್ತುವಾಗ ಚೌಕಟ್ಟು ಕುದಿನೀರಿನಲ್ಲಿತ್ತು.

ಮುಚ್ಚಳಗಳನ್ನು ಬಿಸಿಲಿಗೆ ತಂದಾಗ ಮೊದಲಾಳಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಪ್ಪನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಎರಡೂ ಕಣ್ಣು ನೋಡಿ, ನಾಳೆಯಿಂದ ಬರಬೇಡಿ ಎಂದ.

ಮನೆಯ ಜಗಲಿಯಲ್ಲಿ ಅಪ್ಪ ಕೇಳಿದರು. "ದಿನಾ ಹೇಳೋಳು ಇವತ್ತ್ ಯಾಕೆ ಸುಮ್ನಿದ್ದೆ ಅಮ್ಮಣಿ? ನಿಂಗೂ ಕಾಣ್ಲಿಲ್ವಾ?"

"ಕಾಣ್ಲಿಲ್ಲಪ್ಪ," ಎಂದೆ.

ಧೈರ್ಯ ಸಾಲಲಿಲ್ಲ ಎನ್ನುವುದಕ್ಕಿಂತ ಅದು ಸುಲಭವಾಗಿತ್ತು. ಆದರೆ ಆ ಕ್ಷಣದಿಂದ ಅಪ್ಪ ತಮ್ಮ ಕೆಲಸದ ಮಾತನ್ನೇ ಬಿಟ್ಟುಬಿಟ್ಟರು. ಆಸಿಡ್ ಹೊಗೆಗೆ ಮಗಳನ್ನು ಕರೆದೊಯ್ದು ಅವಳ ಕಣ್ಣನ್ನೂ ತೆಗೆದೆನಲ್ಲ ಎಂದು ಊಟ ಬಿಟ್ಟು ಕೂತರು. ಬೆಳಗ್ಗೆ ಒಗೆದ ಅಂಗಿ ಹಾಕಿಕೊಂಡು, ಬೇಡ ಬೇಡವೆಂದರೂ ಕೇಳದೆ, ನನ್ನನ್ನು ಕೋಯಮತ್ತೂರಿನ ಕಣ್ಣಾಸ್ಪತ್ರೆಗೆ ಹೊರಡಿಸಿದರು. ತಮಗಾಗಿ ಹತ್ತದ ಮೆಟ್ಟಿಲನ್ನು ನನ್ನ ತೋಳು ಹಿಡಿದುಕೊಂಡು ಹತ್ತಿದರು.

ಡಾಕ್ಟರಮ್ಮ ಗೋಡೆಯ ಮೇಲಿನ ತಮಿಳು ಅಕ್ಷರಗಳನ್ನು ಓದಲು ಹೇಳಿದರು. ಅಪ್ಪ ಹಿಂದಿನ ಬೆಂಚಿನಲ್ಲಿ ಕೈಮುಗಿದು ಆನೈಮಲೈ ಮಾಸಾಣಿಯಮ್ಮನಿಗೆ ಹರಕೆ ಹೊರುತ್ತಿದ್ದರು, ಪಿಸುಮಾತು ನನಗೆ ಕೇಳುತ್ತಿತ್ತು. ಮೂರನೆಯ ಸಾಲಿಗೇ ಕಾಣುವುದಿಲ್ಲವೆಂದು ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಅವರು ಸಾಯುವವರೆಗೂ ಆ ಪಾಪವನ್ನು ತಮ್ಮದೆಂದೇ ಹೊರುತ್ತಾರೆ. ನಾನು ಓದಿದೆ. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಕೊನೆಯ ಸಾಲಿನ ಸಾಸಿವೆಯಷ್ಟು ಅಕ್ಷರಗಳವರೆಗೂ ತಡವರಿಸದೆ ಓದಿದೆ. ಹಿಂದಿನ ಪಿಸುಮಾತು ನಡುವೆಯೇ ನಿಂತಿತ್ತು.

ಇವಳ ಕಣ್ಣಿಗೆ ಏನೂ ಆಗಿಲ್ಲ, ತೋರಿಸಬೇಕಾದವರು ನೀವು ಎಂದು ಡಾಕ್ಟರಮ್ಮ ಅಪ್ಪನಿಗೆ ಹೇಳಿದರು. ಅಪ್ಪ ಆಗಲಿ ಎಂದು ತಲೆಯಾಡಿಸಿ ಎದ್ದರು.

ಹೊರಗೆ ರಸ್ತೆ ದಾಟಲು ನಾನು ಕೈ ಚಾಚಿದೆ. ಅಪ್ಪ ಅದನ್ನು ಹಿಡಿಯಲಿಲ್ಲ. ಬಸ್ಸುಗಳ ಸದ್ದು ಕಡಿಮೆಯಾಗುವವರೆಗೂ ಕಾದು ನಿಂತು, ಕಾಲಿನಿಂದಲೇ ರಸ್ತೆಯ ಅಂಚನ್ನು ತಡಕಿ ನೋಡಿ, ಒಬ್ಬರೇ ದಾಟಿದರು.