ಮೂಲೆಗಳಿಲ್ಲದ ಕೋಣೆ

ನಾನು ಇನ್ನೂ ಚಿಕ್ಕವಳಿದ್ದಾಗ, ಏಳೋ ಎಂಟೋ ವರ್ಷದವಳಿರಬೇಕು, ಇಡೀ ಒಂದು ದಿನವನ್ನು ಇಂಡಿ ಊರಿನ ಹೆರಿಗೆ ದವಾಖಾನೆಯ ಪಡಸಾಲೆಯಲ್ಲಿ ಕಳೆದೆ. ಮೊಣಕಾಲು ನೋಯುವ ಈ ವಯಸ್ಸಿನಲ್ಲಿ ಎಷ್ಟೋ ಸಂಗತಿಗಳು ಮಸುಕಾಗಿವೆ. ಆ ದಿನ ಮಾತ್ರ ಹಾಗೇ ಉಳಿದಿದೆ. ಹೇಳುತ್ತೇನೆ, ಕೇಳಿ ಮೊಮ್ಮಕ್ಕಳೇ. ನಡುವೆ ದಣಿವಾದರೆ ಸ್ವಲ್ಪ ಸುಮ್ಮನಿರುತ್ತೇನೆ.

ನಮ್ಮದು ಅಗರಖೇಡ. ಹೊಲ, ಎತ್ತು, ಕಣ ಎಲ್ಲ ಇದ್ದ ಮನೆ. ನನಗಿಂತ ಹತ್ತು ವರ್ಷ ದೊಡ್ಡವಳು ಅಕ್ಕ. ನನ್ನ ನಂತರ ಹುಟ್ಟಿದ ಎರಡು ಕೂಸುಗಳು ಹದಿನೈದು ದಿನವನ್ನೂ ಕಾಣಲಿಲ್ಲ. ಎರಡೂ ಸಲ ಮೊದಲು ಹಾಲು ಕುಡಿಯುವುದನ್ನು ಬಿಟ್ಟವು, ಆಮೇಲೆ ಮೈ ಸೆಟೆದುಕೊಂಡವು. ಗಾಳಿ ಸೋಕಿತು ಎಂದರು ಮನೆಯವರು. ಎರಡನೆಯ ಕೂಸು ಹೋದ ವರ್ಷವೇ ಅಕ್ಕ, ಹೆರಿಗೆ ಮಾಡಿಸುವುದನ್ನು ಕಲಿಯಲು ಇಂಡಿಯ ದವಾಖಾನೆಗೆ ಹೋಗುತ್ತೇನೆಂದು ಹಟ ಹಿಡಿದಳು. ನಮ್ಮ ಮನೆತನದ ಹೆಣ್ಣುಮಕ್ಕಳು ಮಾಡುವ ಕೆಲಸ ಅದಲ್ಲ ಎಂದ ಅಪ್ಪ. ಅವಳು ಹೊರಟೇ ಹೋದಾಗ ಮಾತು ಬಿಟ್ಟ. ಒಂದು ವರ್ಷ ನಮ್ಮ ಮನೆಯಲ್ಲಿ ಅವಳ ಹೆಸರನ್ನು ಯಾರೂ ಗಟ್ಟಿಯಾಗಿ ಆಡಲಿಲ್ಲ.

ಜೋಳದ ರಾಶಿ ಮುಗಿದ ದಿನಗಳು. ಮತ್ತೆ ಬಸುರಿಯಾಗಿದ್ದ ಅವ್ವನಿಗೆ ಹಿಂದಿನ ದಿನವೇ ನೋವು ಶುರುವಾಗಿತ್ತು. ಬೆಳಗಾದರೂ ಹೆರಿಗೆಯಾಗದಿದ್ದಾಗ ಅಪ್ಪ ಯಾರನ್ನೂ ಕೇಳದೆ ಬಂಡಿ ಹೂಡಿದ. ಮೆತ್ತಗೆ ಹುಲ್ಲು ಹಾಕಿ, ಮೇಲೆ ಕೌದಿ ಹಾಸಿ ಅವ್ವನನ್ನು ಮಲಗಿಸಿದ. ಅಳುತ್ತ ನಿಂತಿದ್ದ ನನ್ನನ್ನೂ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಅವ್ವ ನನ್ನ ಕೈ ಹಿಡಿದಿದ್ದಳು. ಗಾಲಿ ಕಲ್ಲಿಗೆ ಬಡಿದಾಗಲೆಲ್ಲ ಹಿಡಿತ ಬಿಗಿಯಾಗುತ್ತಿತ್ತು. ಇಂಡಿ ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು, ಅವ್ವನಿಗೆ ನರಳಲೂ ಶಕ್ತಿ ಉಳಿದಿರಲಿಲ್ಲ.

ದವಾಖಾನೆ ಕರಿಕಲ್ಲಿನ ಹಳೆಯ ಕಟ್ಟಡ. ಮುಂದೆ ಸಾಲು ಕಮಾನುಗಳು, ಹಿಂದೆ ಉದ್ದನೆಯ ಪಡಸಾಲೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಚಿ ಮಲಗಬಹುದಿತ್ತು. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಕಾಲಿಟ್ಟರೆ ಕಲ್ಲಿನ ನೆಲ ಅಂಗಾಲಿಗೆ ತಣ್ಣಗೆ ತಾಗುತ್ತಿತ್ತು. ಮೇಲೆ ಮಾಳಿಗೆಯ ಹತ್ತಿರ ಹಗ್ಗ ಎಳೆದು ತೆರೆಯುವ ಸಣ್ಣ ಕಿಂಡಿಗಳಿದ್ದವು. ಕಾದ ಗಾಳಿ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಎಲ್ಲೆಡೆ ಫಿನಾಯಿಲಿನ ವಾಸನೆ, ಕುದಿಯುವ ನೀರಿನ ಹಬೆ.

ಬಿಳಿ ಸೀರೆಯುಟ್ಟ ಅಕ್ಕ ಓಡಿ ಬಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಹಿಂದಿನ ದಿನದಿಂದ ಅವಳು ನೆಲಕ್ಕೆ ಬೆನ್ನು ಹಚ್ಚಿರಲಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು. ಅಪ್ಪ ಅಂಗಳದ ಬೇವಿನ ಮರದ ಕಡೆ ಮುಖ ತಿರುಗಿಸಿ ನಿಂತ.

“ಅಪ್ಪಾ, ನೀ ಇಲ್ಲೇ ಕುಂದ್ರು,” ಎಂದಳು ಅಕ್ಕ. “ಅವ್ವನ್ನ ನಾ ನೋಡ್ಕೋತೇನಿ.”

ಅಪ್ಪ ಕೂತ. ನಾನು ಬಹಳ ಹೊತ್ತು ಕೂರಲಾರದೆ ಪಕ್ಕದ ಕೋಣೆಗೆ ನುಸುಳಿದೆ. ಅದು ಕಲಿಯುವವರ ಕೋಣೆ. ಕರಿಹಲಗೆಯ ಮುಂದಿನ ಮೇಜಿನ ಮೇಲೆ ಬಟ್ಟೆಯ ಕೂಸೊಂದು ಮಲಗಿತ್ತು. ಅದನ್ನು ಹಿಡಿದು, ತಿರುಗಿಸಿ, ಹೆರಿಗೆ ಮಾಡಿಸುವುದನ್ನು ಕಲಿಯುತ್ತಿದ್ದರಂತೆ. ಆ ಕೋಣೆಗೆ ಮೂಲೆಗಳೇ ಇರಲಿಲ್ಲ. ಗೋಡೆಗೆ ಗೋಡೆ, ಗೋಡೆಗೆ ನೆಲ ಕೂಡುವಲ್ಲೆಲ್ಲ ಗಡಿಗೆಯ ಒಳಮೈಯಂತೆ ಗುಂಡಗೆ ಗಿಲಾವು ಮಾಡಿದ್ದರು. ನಾನು ಕೈಯಾಡಿಸುತ್ತ ಸುತ್ತು ಹಾಕುತ್ತಿದ್ದಾಗ ಅಕ್ಕ ಬಟ್ಟೆ ಒಯ್ಯಲು ಬಂದಳು.

“ಮೂಲಿ ಇದ್ರ ಧೂಳು ಕುಂದ್ರತೈತಿ,” ಎಂದಳು. “ಧೂಳಿನ್ಯಾಗ ರೋಗ ಇರತೈತಿ. ಅದಕ್ಕ ಕಟ್ಟಿದವ್ರು ಮೂಲಿನ ಇಟ್ಟಿಲ್ಲ.”

ಅವಳು ಹೆರಿಗೆ ಕೋಣೆಗೆ ಹೋದ ಬಾಗಿಲು ಅರ್ಧ ತೆರೆದೇ ಉಳಿಯಿತು. ಕಟ್ಟಿಗೆಯ ಸಣ್ಣ ತುತ್ತೂರಿಯೊಂದನ್ನು ಅವ್ವನ ಹೊಟ್ಟೆಯ ಮೇಲಿಟ್ಟು, ಅದಕ್ಕೆ ಕಿವಿ ಹಚ್ಚಿ, ಅಕ್ಕ ಕೂಸಿನ ಎದೆಬಡಿತ ಎಣಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಬದಲಾಯಿತು. ಡಾಕ್ಟರಬಾಯಿಯವರನ್ನು ಕರೆಯಲು ಓಡಿದಳು. ಅವರು ಬಂದ ಮೇಲೆ ಬಾಗಿಲು ಮುಚ್ಚಿತು.

ಅಪ್ಪ ಎದ್ದು ನಿಂತವನು ಕೂರಲೇ ಇಲ್ಲ. ಬಿಸಿಲು ಒಂದು ಕಮಾನಿನಿಂದ ಇನ್ನೊಂದಕ್ಕೆ ಸರಿಯಿತು. ಕೊನೆಗೆ ಒಳಗೆ ಗಡಿಬಿಡಿ ಕೇಳಿಸಿತು. ಹೆರಿಗೆಯಾಗಿತ್ತು, ಅಳು ಮಾತ್ರ ಕೇಳಲಿಲ್ಲ. ಬಿಸಿ ಬಟ್ಟೆ ಕೇಳುವ ಅಕ್ಕನ ದನಿ, ಮತ್ತೆ ಅದೇ ದನಿ. ಆಮೇಲೆ ಬೆಕ್ಕಿನ ಮರಿಯಂಥ ತೆಳ್ಳನೆಯ ಅಳು. ಆಗ ಅಪ್ಪ ಕಂಬದ ಬುಡದಲ್ಲಿ ಕೂತ.

ಅಕ್ಕ ಹೊರಗೆ ಬಂದು, ತಮ್ಮ ಹುಟ್ಟಿದ್ದಾನೆ, ಅವ್ವನೂ ಹುಷಾರಾಗಿದ್ದಾಳೆ ಎಂದಳು. ಕುದಿಸಿದ ಕತ್ತರಿಯಿಂದಲೇ ಹೊಕ್ಕಳಬಳ್ಳಿ ಕತ್ತರಿಸಿದ್ದೇವೆ, ಇನ್ನು ನಂಜಾಗುತ್ತದೆಂದು ಅಂಜಬೇಕಿಲ್ಲ ಎಂದಳು. ಅಪ್ಪ ತನ್ನ ಅಂಗೈ ನೋಡಿಕೊಂಡ.

“ಆ ಎರಡು ಕೂಸಿನ ಹೊಕ್ಕಳಬಳ್ಳಿ ಕೊಯ್ಯಾಕ ಕುಡಗೋಲು ತಂದು ಕೊಟ್ಟಾಂವ ನಾನ,” ಎಂದ. “ಅದರಿಂದನ ಹೋದ್ವೇನು?”

ಅಕ್ಕ ಅವನ ಪಕ್ಕದಲ್ಲಿ ಕೂತಳು. “ಆಗ ನಮಗ ಯಾರಿಗೂ ಗೊತ್ತಿರಲಿಲ್ಲಪ್ಪಾ.”

ಅಪ್ಪ ಬುತ್ತಿ ಬಿಚ್ಚಿ ಅವಳಿಗೆ ರೊಟ್ಟಿ ಮುರಿದುಕೊಟ್ಟ. ಎರಡನೆಯ ತುತ್ತು ಬಾಯಲ್ಲಿರುವಾಗಲೇ ಅವಳು ಕಂಬಕ್ಕೆ ಒರಗಿ ನಿದ್ದೆ ಹೋದಳು. ಅಷ್ಟರಲ್ಲಿ ಇನ್ನೊಂದು ಬಂಡಿ ಬಂತು, ಅದರಲ್ಲೊಬ್ಬ ಗರ್ಭಿಣಿ. ಒಳಗಿನಿಂದ ಅಕ್ಕನನ್ನು ಕರೆದರು. ಅವಳಿಗೆ ಎಚ್ಚರವಾಗಲಿಲ್ಲ. ಅಪ್ಪ ಅವಳ ಭುಜ ಮೆಲ್ಲಗೆ ಅಲುಗಿಸಿದ.

“ಏಳವ್ವಾ, ನಿನ್ನ ಕರಿಯಾಕತ್ತಾರ.”

ಅಕ್ಕ ಅವನ ಮುಖ ನೋಡಿದಳು. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಮುಂದೆ ಕಾಲು ಬಾತು ನಡೆಯಲಾಗದಂತಾಗುವವರೆಗೂ ಊರೂರು ತಿರುಗಿ ಅದೇ ಕೆಲಸ ಮಾಡಿದಳು.

ಆ ಕಟ್ಟಡದ ಕಮಾನುಗಳನ್ನು ಈಗ ಇಟ್ಟಿಗೆಯಿಂದ ಮುಚ್ಚಿದ್ದಾರೆ. ಒಳಗೆ ಹಳೆಯ ಕಾಗದ ತುಂಬಿದ್ದಾರಂತೆ. ನೀವಿಬ್ಬರೂ ಹುಟ್ಟಿದ್ದು ವಿಜಯಪುರದಲ್ಲಿ, ಲಿಫ್ಟ್ ಇರುವ ಆಸ್ಪತ್ರೆಯಲ್ಲಿ. ಹುಟ್ಟುವ ಮೊದಲೇ ನಿಮ್ಮ ಎದೆಬಡಿತವನ್ನು ಎಲ್ಲರೂ ಪರದೆಯ ಮೇಲೆ ನೋಡಿದ್ದರು. ನಮ್ಮ ತಮ್ಮನಿಗೆ ಐದು ತಿಂಗಳವರೆಗೆ ಹೆಸರಿಡಲು ಅವ್ವ ಬಿಡಲಿಲ್ಲ. ಹೆಸರು ಹಿಡಿದು ಕರೆದ ಮೇಲೆ ಕೂಸು ಹೋದರೆ ತಡೆಯಲಾಗದು ಎಂಬ ಅಂಜಿಕೆ ಅವಳಿಗೆ.

ಈಗ ನಿಮಗೆ ತಮ್ಮನೋ ತಂಗಿಯೋ ಆಗುವುದಿದೆ. ಗಂಡಾದರೆ ಒಂದು, ಹೆಣ್ಣಾದರೆ ಒಂದು ಎಂದು ಎರಡು ಹೆಸರು ಬರೆದು ನೀವು ನಿನ್ನೆ ಫ್ರಿಜ್ಜಿಗೆ ಅಂಟಿಸಿದಿರಿ. ನೀವು ಶಾಲೆಗೆ ಹೋದ ಮೇಲೆ ನಾನು ಅದರ ಮುಂದೆ ನಿಂತೆ. ಕಾಲು ಸೋತಾಗ ಕುರ್ಚಿ ಎಳೆದುಕೊಂಡು ಕೂತು, ಎರಡೂ ಹೆಸರುಗಳನ್ನು ಒಂದೊಂದು ಸಲ ಬಾಯಿಬಿಟ್ಟು ಕರೆದು ನೋಡಿದೆ.