ಬೀರುವಿನ ಹಿಂದಿನ ಬಾಗಿಲು

ಬಾಗಿಲಿಗೆ ಬೀರು ಅಡ್ಡ ಇಡು ಎಂದು ಗೌರಿಯಕ್ಕ ನನಗೆ ಹೇಳಲೇ ಇಲ್ಲ. ಅದು ನಾನು ಕಟ್ಟಿದ ಮಾತು. ನಿಂತ ಜಾಗದಲ್ಲಿ, ಒಂದು ಉಸಿರಿನಲ್ಲಿ ಕಟ್ಟಿದ್ದು — ಆಮೇಲೆ ಮೂರು ವರ್ಷ ಅದನ್ನೇ ನಿಜವೆಂಬಂತೆ ಸಾಕಿಕೊಂಡು ಬಂದೆ.

ನೀಲಗಿರಿ ಬೆಟ್ಟದ ಕೋತಗಿರಿಯಲ್ಲಿ ನನಗೊಂದು ಜೆರಾಕ್ಸ್ ಅಂಗಡಿ. ನಮ್ಮಜ್ಜ ಗುಂಡ್ಲುಪೇಟೆ ಕಡೆಯಿಂದ ತರಕಾರಿ ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆ ನಿಂತವರು. ಜೆರಾಕ್ಸ್ ಜೊತೆಗೆ ಮನೆ ಮಾರಿಸುವುದೂ ನನ್ನ ಕಸುಬು. ಫೋಟೋ ತೆಗೆದು, ಕೆಳಗೆ ನಾಲ್ಕು ಸಾಲು ಬರೆದು, ವಾಟ್ಸಾಪ್‌ನಲ್ಲಿ ಹರಿಯಬಿಡುತ್ತೇನೆ. ಆ ನಾಲ್ಕು ಸಾಲು ಬರೆಯುವುದೆಂದರೆ ನನಗೆ — ಹೇಗೆ ಹೇಳಲಿ — ಹಬ್ಬದೂಟವಿದ್ದಂತೆ. ಬಿಸಿಲೇ ಬೀಳದ ಮನೆಯನ್ನು 'ಸದಾ ತಂಪು' ಎನ್ನುತ್ತಿದ್ದೆ. ಅಂಗಳಕ್ಕೆ ಕಾಡೆಮ್ಮೆ ಬಂದು ನಿಲ್ಲುವ ಮನೆ 'ಪ್ರಕೃತಿಯ ಮಡಿಲಲ್ಲಿ'. ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಹೋಗಬೇಕಾದ ಅಡುಗೆಮನೆ 'ಎಲ್ಲವೂ ಕೈಗೆಟುಕುವಂತಿದೆ'. ಬಚ್ಚಲಲ್ಲಿ ಬಕೆಟ್ ಮಗುಚಿ ಅದರ ಮೇಲೆ ಹತ್ತಿ ನಿಂತರೆ ಮಾತ್ರ ಕಣಿವೆ ಕಾಣುವ ಮನೆಯೊಂದಕ್ಕೆ 'ಕಣಿವೆಯ ಅಪರೂಪದ ನೋಟ' ಎಂದೂ ಬರೆದಿದ್ದೇನೆ. ಅಪರೂಪವಂತೂ ಹೌದಲ್ಲ! ಬಂದವರು ನೋಡಿ, ನನ್ನನ್ನು ಬೈದು, ನಕ್ಕು ಹೋಗುತ್ತಿದ್ದರು. ಬೈದು ನಕ್ಕು ಕೊಂಡವರೂ ಇದ್ದಾರೆ. ಇದರಲ್ಲಿ ಯಾರ ಗಂಟು ಹೋಯಿತು ಅಂದುಕೊಂಡಿದ್ದೆ.

ಆಮೇಲೆ ಹತ್ತಿರದ ಹಳ್ಳಿ ಕೂಕಲ್ತೊರೈಯ ಆ ಮನೆ ನನ್ನ ಕೈಗೆ ಬಂತು.

ಅದು ಒಂದೇ ಸೂರಿನ ಎರಡು ಮನೆ. ಹಿಂದೆ ಇಲ್ಲಿನ ಬಡಗ ಸಮುದಾಯದ ಹಿರಿಯರೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳಿಗೆ ಅಕ್ಕತಂಗಿಯರನ್ನೇ ತಂದು, ಪಕ್ಕಪಕ್ಕದಲ್ಲಿ ಕಟ್ಟಿಸಿಕೊಟ್ಟದ್ದು. ಅಕ್ಕ ಮಾದಿಯಮ್ಮ, ತಂಗಿ ಗೌರಿ. ಮಂಜು ಸುರಿಯುವಾಗ ಹೊರಗೆ ಕಾಲಿಡದೆ ಕೆಂಡವನ್ನೋ ಕೂಸನ್ನೋ ಅತ್ತಿಂದಿತ್ತ ದಾಟಿಸಲಿ ಎಂದು ನಡುಗೋಡೆಯಲ್ಲಿ ಒಂದು ಗಿಡ್ಡ ಬಾಗಿಲು. ಗೌರಿಯಕ್ಕನ ಗಂಡ ಕೊಯಮತ್ತೂರಿನಲ್ಲಿ ಚಹಾಪುಡಿ ಅಂಗಡಿ ತೆರೆದಾಗ ಅವರು ಮನೆ ಮಾರಲು ನನಗೆ ಒಪ್ಪಿಸಿದರು. ಬೀಗದಕೈ ಕೊಡುವಾಗ ಹೇಳಿದ್ದು ಇಷ್ಟೇ: "ಬರೋರಿಗೆ ಮೊದಲೇ ಆ ಬಾಗಿಲ ತೋರಿಸು. ಅಕ್ಕ ಅದರಲ್ಲೇ ಬಂದು ಹೋಗಿ ಮಾಡ್ತಾಳೆ. ಒಪ್ಪದವರಿಗೆ ಮನೆ ಬೇಡ."

ತೋರಿಸಿದೆ. ಇಬ್ಬರು ಬಂದು, ಪಕ್ಕದ ಮನೆಯವರು ಅಡುಗೆಮನೆಯೊಳಗೇ ಬರ್ತಾರಾ ಎಂದು ಗಾಬರಿಯಾಗಿ ಹೋದರು. ಮೂರನೆಯವರಾಗಿ ಮೈಸೂರಿನಿಂದ ಸುಶೀಲಾ ಸಿಸ್ಟರ್ ಫೋನ್ ಮಾಡಿದರು. ನರ್ಸ್ ಕೆಲಸದಿಂದ ಆಗಷ್ಟೇ ನಿವೃತ್ತರಾಗಿದ್ದವರು. "ನೋಡಿ, ನನ್ನ ವಯಸ್ಸೆಲ್ಲ ಕ್ವಾರ್ಟರ್ಸ್‌ನಲ್ಲೇ ಕಳೀತು. ಹೊತ್ತಲ್ಲದ ಹೊತ್ತಲ್ಲಿ ಯಾರ್ಯಾರೋ ಬಂದು ಬಾಗಿಲು ಬಡಿಯೋರು. ನನಗೆ ಒಂದೇ ಬಾಗಿಲಿರೋ ಮನೆ ಬೇಕು. ತೆಗೀಬೇಕೋ ಬೇಡ್ವೋ ಅನ್ನೋದು ನನ್ನ ಕೈಲಿರ್ಬೇಕು. ಇನ್ನೇನೂ ಕೇಳಲ್ಲ," ಎಂದರು.

ಇನ್ನೇನೂ ಕೇಳದವರು. ಅಂಥವರಿಗೆ ನಾನು —

ಮಾದಿಯಮ್ಮ ಚಹಾ ಸೊಪ್ಪು ಕೀಳಲು ಹೋಗಿದ್ದ ಮಧ್ಯಾಹ್ನ, ಗೌರಿಯಕ್ಕ ಬಿಟ್ಟುಹೋಗಿದ್ದ ಕಬ್ಬಿಣದ ಬೀರುವಿನ ಕಾಲಡಿಗೆ ಗೋಣಿಚೀಲ ಹಾಸಿ ಎಳೆದು ತಂದು ಆ ಬಾಗಿಲಿಗೆ ಒತ್ತಿ ನಿಲ್ಲಿಸಿದೆ. ಅಲ್ಲೇ ನಿಂತು ಬರೆದೆ: 'ಒಂದೇ ಬಾಗಿಲು. ನಿಶ್ಶಬ್ದ, ಸುಭದ್ರ. ಜೊತೆಗೆ ಗಟ್ಟಿಮುಟ್ಟಾದ ಬೀರು ಉಚಿತ.' ಬರೆದ ಮೇಲೆ ನನಗೇ ನಗು ಬಂತು. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ.

ಸಂಜೆ ಮಾದಿಯಮ್ಮ ನನ್ನನ್ನು ದಾರಿಯಲ್ಲೇ ತಡೆದರು. ಬೆನ್ನ ಮೇಲೆ ಸೊಪ್ಪಿನ ಮೂಟೆ. ಅವರ ಬಡಗ ಮಾತನ್ನು ನನ್ನ ಕನ್ನಡಕ್ಕೆ ಒಗ್ಗಿಸಿ ಬರೆಯುತ್ತಿದ್ದೇನೆ. "ಬಾಗಿಲ ತೆಗೆದರೆ ಕಬ್ಬಿಣ ನಿಂತದೆ. ಯಾರ ಕೆಲಸ?"

ನಾನು ಹೇಳಿದೆ: "ಗೌರಿಯಕ್ಕ ಫೋನ್ ಮಾಡಿದ್ರು. ಮುಚ್ಚಿಬಿಡು ಅಂದ್ರು."

ಅವರು ಮೂಟೆಯನ್ನು ಒಮ್ಮೆ ಮೇಲಕ್ಕೆ ಜಗ್ಗಿಕೊಂಡು ನಡೆದುಬಿಟ್ಟರು. ತಂಗಿಯನ್ನು ಕೇಳುತ್ತಾರೆ, ನನ್ನ ಬಣ್ಣ ಬಯಲಾಗುತ್ತದೆ ಎಂದು ಒಂದು ವಾರ ಒದ್ದಾಡಿದೆ. ಅವರು ಕೇಳಲಿಲ್ಲ. ಕೇಳುವ ಜಾಯಮಾನದವರಲ್ಲ. ತಂಗಿಯ ಫೋನನ್ನೇ ಎತ್ತದೆ ಬಿಟ್ಟರು, ಅಷ್ಟೇ.

ಸಿಸ್ಟರ್ ಬಂದರು, ನೋಡಿದರು, ಕೊಂಡರು. ಬಾಗಿಲು ತೋರಿಸಿದ್ದೇನೆ, ಒಪ್ಪಿದ್ದಾರೆ ಎಂದು ಗೌರಿಯಕ್ಕನಿಗೆ ಹೇಳಿದ್ದೆ. ಎರಡನೇ ಬೆಳಿಗ್ಗೆಯೇ ಫೋನು. "ರೀ, ಬೀರು ಬಡೀತಾ ಇದೆ!"

ನನ್ನ ನಾಲಿಗೆ ತಡವರಿಸಲಿಲ್ಲ. "ನಮ್ಮ ಕಡೆ ಚಳಿ ಜಾಸ್ತಿ ಸಿಸ್ಟರ್. ಕಬ್ಬಿಣ ಮುದುಡ್ಕೊಳ್ಳತ್ತೆ, ಸದ್ದು ಮಾಡತ್ತೆ."

ವಿಷಯವೇನೆಂದರೆ, ಮಾದಿಯಮ್ಮ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ತಮ್ಮ ಕಡೆಯ ಬಾಗಿಲು ತೆಗೆದು ಸೌದೆ ಕೊರಡಿನಿಂದ ಬೀರುವಿನ ಬೆನ್ನಿಗೆ ಒಂದು ಬಾರಿಸುತ್ತಿದ್ದರು. ಅದು ತಂಗಿಗೆ ಕೊಟ್ಟ ಏಟು. ಬೀದಿಯಲ್ಲಿ ಸಿಸ್ಟರ್ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಸಿಸ್ಟರೋ, ನನ್ನ ಮಾತನ್ನು ಪೂರ್ತಿ ನಂಬಿದವರು, ಬರಬರುತ್ತಾ ಆ ಸದ್ದಿಗೆ ಒಗ್ಗಿಕೊಂಡರು. ಒಂಟಿ ಹೆಂಗಸು, ಹೊಸ ಊರು. ಬೆಳಿಗ್ಗೆ ಢಬ್ ಎಂದರೆ ಇವರೂ ಈ ಕಡೆಯಿಂದ ಟಕಟಕ ಬಡಿದು, "ಏನಪ್ಪಾ ಬೀರು, ಕಾಫಿ ಆಯ್ತಾ?" ಎನ್ನತೊಡಗಿದರು.

ಒಂದು ದಿನ ಢಬ್ ಎಂದಾಗ ತಮಾಷೆಗೆ "ಯಾರದು?" ಎಂದರಂತೆ.

"ನಾ," ಎಂದಿತಂತೆ ಬೀರು.

ಬೇರೆಯವರಾಗಿದ್ದರೆ ಕೂಗಿಕೊಂಡು ಹೊರಗೆ ಓಡುತ್ತಿದ್ದರು. ಇವರು ಬೀರುವಿನ ಬಟ್ಟೆಯೆಲ್ಲ ಹೊರಗೆ ಹಾಕಿ, ಹಾಸಿಗೆ ಹಿಡಿದ ರೋಗಿಗಳನ್ನು ಮಗ್ಗುಲು ತಿರುಗಿಸಿ ಪಳಗಿದ ಕೈಯಲ್ಲಿ ಅದನ್ನೂ ತಿರುಗಿಸಿಬಿಟ್ಟರು. ಹಿಂದೆ ಬಾಗಿಲು, ಬಾಗಿಲಲ್ಲಿ ಸೌದೆ ಹಿಡಿದ ಮಾದಿಯಮ್ಮ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ಮೊದಲು ಹೆದರಿ, ಆಮೇಲೆ ನಗಲು ಶುರುಮಾಡಿದರಂತೆ. ನನ್ನನ್ನು ಕರೆಸುವ ಹೊತ್ತಿಗೆ ಅವರೆಕಾಳಿನ ಸಾರಿನ ಬಟ್ಟಲು ಆ ಕಡೆಯಿಂದ ಈ ಕಡೆ ದಾಟಿಯಾಗಿತ್ತು.

ಅದು ಸತ್ಯ ಹೇಳುವ ಗಳಿಗೆ. ಇಬ್ಬರೂ ನಗುತ್ತಿದ್ದರು, ಸಾರು ಹಬೆಯಾಡುತ್ತಿತ್ತು, ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಆದರೆ ನಾನು — "ಓನರ್ ಮುಚ್ಚು ಅಂದ್ರು, ಮುಚ್ಚಿದೆ. ನಿಮಗೆ ಅವರೇ ಹೇಳಿರ್ತಾರೆ ಅಂದ್ಕೊಂಡೆ ಸಿಸ್ಟರ್" ಎಂದೆ. ಸಾರನ್ನೂ ಉಂಡು ಬಂದೆ.

ಸಿಸ್ಟರ್ ತಮ್ಮ ಕಡೆಗೆ ಒಂದು ಚಿಲಕ ಹಾಕಿಸಿಕೊಂಡರು. ತೆಗೆಯಬೇಕೋ ಬೇಡವೋ ಎನ್ನುವುದು ಅವರ ಕೈಲೇ ಉಳಿಯಿತು. ಬೆಳಿಗ್ಗೆ ತೆಗೆದ ಚಿಲಕ ಮಲಗುವವರೆಗೂ ತೆಗೆದೇ ಇರುತ್ತಿತ್ತು. ಮಾದಿಯಮ್ಮನ ಮಂಡಿನೋವಿಗೆ ಸಿಸ್ಟರ್ ಎಣ್ಣೆ ತಿಕ್ಕುವುದು, ಸಿಸ್ಟರ್‌ಗೆ ಮಾದಿಯಮ್ಮ ಸೊಪ್ಪು ಕೀಳಲು ಕಲಿಸುವುದು, ಅವರು ಬಲಿತ ಎಲೆಯನ್ನೇ ಕಿತ್ತು ತಂದು ಬೈಸಿಕೊಳ್ಳುವುದು — ಆ ಎರಡು ಮನೆಯ ಗಲಾಟೆ ಕೇಳಲು ನಾನೇ ನೆಪ ಮಾಡಿಕೊಂಡು ಹೋಗುತ್ತಿದ್ದೆ. ನೋಡು, ನಿನ್ನ ಸುಳ್ಳಿನಿಂದ ಎಂಥ ಒಳ್ಳೆಯದಾಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಕೊಯಮತ್ತೂರಿನಲ್ಲಿ ಒಬ್ಬಾಕೆ ಅಕ್ಕನ ಫೋನಿಗಾಗಿ ಕಾಯುತ್ತಿದ್ದಾಳೆ ಎನ್ನುವುದನ್ನು ನೆನೆಯದಿರುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಈ ವರ್ಷ ಸಿಸ್ಟರ್ ಏನೋ ಜೆರಾಕ್ಸ್ ಮಾಡಿಸಲು ಬಂದವರು ಹೇಳಿದರು: "ಗೌರಿಯವರ ಮಗಳ ಮದುವೆಯಂತೆ. ಊರವರ ಕೈಲಿ ಕರೆ ಕಳಿಸಿದ್ದಾರೆ. ಮಾದಿಯಮ್ಮ ಹೋಗಲ್ಲ ಅಂತಾರೆ. ಬಾಗಿಲು ಮುಚ್ಚಿಸಿದೋಳ ಮನೆಗೆ ನಾನ್ಯಾಕೆ ಹೋಗ್ಲಿ ಅಂತ ಹೇಳಿ, ಹಿತ್ತಲಿಗೆ ಹೋಗಿ ಅಳ್ತಾರೆ. ಆ ಹುಡುಗೀನ ಎತ್ತಿ ಬೆಳೆಸಿದ್ದೇ ಇವರಂತೆ."

ಆ ಕೂಸನ್ನು ಆ ಬಾಗಿಲಲ್ಲೇ ಅತ್ತಿಂದಿತ್ತ ದಾಟಿಸಿರಬೇಕು.

ಅಂಗಡಿಯ ಷಟರ್ ಎಳೆದು ಸಿಸ್ಟರ್ ಜೊತೆಯಲ್ಲೇ ಬಸ್ಸು ಹತ್ತಿದೆ. ಅವರ ಅಡುಗೆಮನೆಯಲ್ಲಿ, ಇಬ್ಬರನ್ನೂ ಕೂರಿಸಿ, ಎಲ್ಲ ಹೇಳಿದೆ. ಬೀರು, ಫೋನು, ಚಳಿಗೆ ಮುದುಡುವ ಕಬ್ಬಿಣ. ಹೇಳಿ ಮುಗಿದ ಮೇಲೆ ಸಿಸ್ಟರ್ ಎದ್ದು ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಇಳಿಸಿದರು.

ಸಿಸ್ಟರ್ ಮೊದಲು ಮಾತಾಡಿದರು. "ನನಗೆ ಈ ಬಾಗಿಲು ಇಷ್ಟ ಆಗಿದ್ದು ನನ್ನ ಪುಣ್ಯ. ಅದನ್ನ ನಿಮ್ಮ ಲೆಕ್ಕಕ್ಕೆ ಸೇರಿಸ್ಕೋಬೇಡಿ. ಆಗದೇ ಇದ್ದಿದ್ರೆ?"

ಮಾದಿಯಮ್ಮ ನನ್ನನ್ನೇ ನೋಡುತ್ತಿದ್ದವರು ಮೆಲ್ಲಗೆ ಅಂದರು: "ಅಷ್ಟು ದಿನ ಕಬ್ಬಿಣಕ್ಕೆ ಹೊಡೆದೆ. ನಿನಗೆ ಬೀಳೋದಿತ್ತು." ಸಿಸ್ಟರ್‌ಗೆ ಮೊದಲು ನಗು ಬಂತು, ಆಮೇಲೆ ಮಾದಿಯಮ್ಮನಿಗೂ. ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. "ಅವಳಿಗೆ ಫೋನ್ ಹಾಕು. ನೀನೇ ಹೇಳು. ನಾ ಕೇಳಬೇಕು."

ಹಾಕಿದೆ. ಎರಡನೆಯ ಸಲ ಹೇಳುವಾಗಲಾದರೂ ಸುಲಭವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಕೇಳಿ ಮುಗಿಸಿದ ಗೌರಿಯಕ್ಕ "ಅಕ್ಕ ಪಕ್ಕದಲ್ಲಿದ್ದಾಳಾ?" ಎಂದಷ್ಟೇ ಕೇಳಿದರು. ಆಮೇಲೆ ಆ ಫೋನು ನನ್ನ ಕೈಗೆ ಬಂದಾಗ ಚಾರ್ಜೇ ಉಳಿದಿರಲಿಲ್ಲ.

ಮದುವೆಯಲ್ಲಿ ಸೋದರತ್ತೆಯರಿಗಿಂತ ಜೋರಾಗಿ ಓಡಾಡಿದವರು ಸುಶೀಲಾ ಸಿಸ್ಟರಂತೆ. ಈಗ ಗೌರಿಯಕ್ಕ ಬೆಟ್ಟ ಹತ್ತಿ ಬಂದಿದ್ದಾರೆ, ಸಿಸ್ಟರ್ ಮನೆಯಲ್ಲಿ, ತಮ್ಮದೇ ಹಳೆಯ ಕೋಣೆಯಲ್ಲಿ ಇಳಿದುಕೊಂಡಿದ್ದಾರೆ. ಹೊಸ ಮದುಮಗಳು, ಅವಳ ಗಂಡ, ಬಟ್ಟಲು, ಬೋಗುಣಿ, ಪಕ್ಕದ ಮನೆ ಬೆಕ್ಕು, ಎಲ್ಲವೂ ಆ ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಓಡಾಡುತ್ತಿವೆ. ಬೀರು ಜಗಲಿಗೆ ಬಂದಿದೆ, ಅದರಲ್ಲಿ ಸೌದೆ ತುಂಬಿದ್ದಾರೆ.

ನನ್ನನ್ನೂ ಊಟಕ್ಕೆ ಕರೆದಿದ್ದರು. ಮಾದಿಯಮ್ಮನ ಮನೆಯಲ್ಲಿ ಉಂಡು, ಗೌರಿಯಕ್ಕನನ್ನು ಕಂಡು ಕ್ಷಮೆ ಕೇಳಬೇಕೆಂದು ಆ ಬಾಗಿಲ ಕಡೆ ತಿರುಗಿದೆ. ಮಾದಿಯಮ್ಮ ಕೈ ಅಡ್ಡ ಹಿಡಿದರು. ಮುಖದಲ್ಲಿ ನಗುವಿತ್ತು, ಕೈ ಮಾತ್ರ ಕದಲಲಿಲ್ಲ. "ಇದರಲ್ಲಿ ಊರೇ ಬರಲಿ. ನೀ ಬೀದಿ ಸುತ್ತಿ ಬಾ."

ಹೊರಗೆ ಮಂಜು ಇಳಿದಿತ್ತು. ಚಪ್ಪಲಿ ಮೆಟ್ಟಿಕೊಂಡು ಸುತ್ತಿ ಬಂದೆ. ಮುಂಬಾಗಿಲು ತಟ್ಟಿ, ಒಳಗಿನ ನಗು ಕೇಳುತ್ತಾ, ಅವರಾಗಿ ತೆಗೆಯುವವರೆಗೆ ನಿಂತುಕೊಂಡೆ.